ಬೀಗದ ಕೈ ಸದ್ದಿಗೆ ನಡುಗುವ ನಾಯಿ

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ಸಾಕುನಾಯಿ ಹಗಲೆಲ್ಲ ಒಂಟಿ. ಮನೆಯವರು ಬೀದಿ ತಿರುವು ದಾಟುವ ಮೊದಲೇ ಅದು ಊಳಿಟ್ಟರೆ ಅಕ್ಕಪಕ್ಕದವರು ಅಪಶಕುನ ಅನ್ನುತ್ತಾರೆ, ಯಾರ ಮನೆಗೆ ಯಮ ಬಂದನೋ ಎಂದು ಗೊಣಗುತ್ತಾರೆ. ಸಂಜೆ ಮರಳಿದ ಯಜಮಾನರದು ಇನ್ನೊಂದು ಮೂಢನಂಬಿಕೆ: ಬಿಟ್ಟು ಹೋದ ಸಿಟ್ಟಿಗೆ ಬೇಕೆಂದೇ ಬಾಗಿಲು ಕೆರೆದಿದೆ, ಸೋಫಾ ಮೇಲೆ ಉಚ್ಚೆ ಹೊಯ್ದಿದೆ, ತಪ್ಪು ಗೊತ್ತಿರುವುದಕ್ಕೇ ತಲೆ ತಗ್ಗಿಸಿ ನಿಂತಿದೆ! ಮೊದಲನೆಯದರಿಂದ ನಾಯಿಗೆ ಬೈಗುಳ, ಎರಡನೆಯದರಿಂದ ಏಟು.

ಆ ತಗ್ಗಿದ ತಲೆಯನ್ನು ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪರೀಕ್ಷಿಸಿದರು. ತಿನ್ನಬೇಡ ಎಂದಿದ್ದ ತಿಂಡಿಯನ್ನು ಮುಟ್ಟದ ನಾಯಿಯೂ ಯಜಮಾನರು ಗದರಿದ ಕೂಡಲೇ ಅದೇ ಮುಖ ಮಾಡಿತು. ಅದು ಗದರಿಕೆಗೆ ಬಂದ ಮುಖ, ಪಶ್ಚಾತ್ತಾಪದ್ದಲ್ಲ. ಬೆಳಗ್ಗೆ ಕೆರೆದ ಬಾಗಿಲಿಗೂ ಸಂಜೆಯ ಏಟಿಗೂ ನಾಯಿ ಸಂಬಂಧ ಕಟ್ಟಲಾರದು. ನೀವು ಮನೆಗೆ ಬರುವುದೇ ಗಂಡಾಂತರ ಎಂದಷ್ಟೇ ಕಲಿಯುತ್ತದೆ.

ನಾಯಿಯದು ಒಂಟಿತನದ ಗಾಬರಿಯೋ ಬರೀ ಬೇಸರವೋ ತಿಳಿಯಲು ಮೊದಲು ಮೊಬೈಲನ್ನು ಶೆಲ್ಫಿನ ಮೇಲಿಟ್ಟು, ಬಾಗಿಲು ಕಾಣುವಂತೆ ತಿರುಗಿಸಿ, ವಿಡಿಯೊ ಹಾಕಿ ಹೊರಡಿ. ಒಂಟಿತನದ ಗಾಬರಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಕಾಣುತ್ತದೆ: ಏದುಸಿರು, ಎದೆ ನೆನೆಯುವಷ್ಟು ಜೊಲ್ಲು, ಹೊಸಿಲು–ಕಿಟಕಿ ನಡುವೆ ಓಡಾಟ, ದಾರಂದದ ಮೇಲೆ ಉಗುರಿನ ಗೀರು. ಮುಟ್ಟದೆ ಬಿಟ್ಟ ತಟ್ಟೆಯೂ ಸುಳಿವೇ. ಎರಡು ಗಂಟೆ ನಿದ್ದೆ ಹೊಡೆದು ಆಮೇಲೆ ಚಪ್ಪಲಿ ಕಡಿದರೆ ಅದು ಬರೀ ಬೇಸರ. ಬೆಳಗ್ಗೆ ಒಂದು ಸುತ್ತು ಜಾಸ್ತಿ ನಡೆಸಿ, ಸಾಕು. ಮುದಿ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಉಚ್ಚೆ ಹೊಯ್ಯತೊಡಗಿದರೆ ಮೊದಲು ಪಶು ಆಸ್ಪತ್ರೆಗೆ.

ಗಾಬರಿ ಶುರುವಾಗುವುದು ನೀವು ಹೋದ ಮೇಲಲ್ಲ, ಹೊರಡುವ ತಯಾರಿಯಲ್ಲೇ. ಊಟಕ್ಕೆ ಮುಂಚಿನ ಸದ್ದು ಕೇಳಿದರೇ ಜೊಲ್ಲು ಸುರಿಸಲು ಕಲಿತ, ರಷ್ಯದ ವಿಜ್ಞಾನಿ ಪಾವ್ಲೋವನ ನಾಯಿಗಳ ಕಥೆ ಶಾಲೆಯಲ್ಲೇ ಓದಿರುತ್ತೀರಿ. ಟಿಫಿನ್ ಡಬ್ಬಿ ಮುಚ್ಚುವುದು, ಹೆಲ್ಮೆಟ್ ತೆಗೆಯುವುದು, ಬೀಗದ ಕೈ ಗಲಗಲ ಅನ್ನುವುದು ಎಲ್ಲವೂ ಒಂಟಿತನದ ಮುನ್ಸೂಚನೆಯಾಗಿ ಬಿಟ್ಟಿರುತ್ತವೆ. ಈ ಗಂಟು ಬಿಚ್ಚಲು ದಿನಕ್ಕೆ ಹಲವು ಸಲ ಬೀಗದ ಕೈ ಎತ್ತಿಕೊಂಡು ಟಿವಿ ಮುಂದೆ ಕೂರಿ, ಹೆಲ್ಮೆಟ್ ಹಾಕಿಕೊಂಡು ಕಾಫಿ ಕಾಸಿ. ನೋಡುವವರಿಗೆ ನಗು ಬರಬಹುದು. ಕೆಲವು ವಾರಗಳಲ್ಲಿ ಆ ಸದ್ದಿಗೆ ನಾಯಿ ತಲೆ ಎತ್ತುವುದನ್ನೂ ಬಿಡುತ್ತದೆ.

ಆಮೇಲೆ ಬಾಗಿಲು. ವಿಡಿಯೊದಲ್ಲಿ ಮೊದಲ ಲಕ್ಷಣ, ಅಂದರೆ ತುಟಿ ನೆಕ್ಕುವುದೋ ಆಕಳಿಸುವುದೋ ಕಿವಿ ಹಿಂದಕ್ಕೆ ಒತ್ತುವುದೋ, 40ನೇ ಸೆಕೆಂಡಿಗೆ ಕಂಡಿತು ಅನ್ನಿ. ಹಾಗಾದರೆ 20 ಸೆಕೆಂಡಿನಿಂದ ಶುರು ಮಾಡಿ. ಅದೂ ಹೆಚ್ಚಾದರೆ ಚಿಲಕ ತೆಗೆದು ಹಾಕುವುದಷ್ಟೇ ಮೊದಲ ಪಾಠ. ಹೊರಗೆ ಹೋಗಿ, ಬಾಗಿಲು ಮುಚ್ಚಿ, ನಾಯಿ ಇನ್ನೂ ಶಾಂತವಾಗಿರುವಾಗಲೇ ಸದ್ದುಗದ್ದಲವಿಲ್ಲದೆ ಒಳಗೆ ಬನ್ನಿ. ಹಾಲು ಉಕ್ಕಿದ ಮೇಲೆ ಒಲೆ ಆರಿಸಿ ಏನು ಪ್ರಯೋಜನ? ಒಂದು ನಿಮಿಷ ಬಿಟ್ಟು ಮತ್ತೆ ಹೊರಗೆ, ಒಂದು ಸರದಿಗೆ ಐದಾರು ಸಲ. ಅವಧಿ ಏರುತ್ತಲೇ ಹೋಗಬಾರದು: 20, 30, 15, 35, 10 ಸೆಕೆಂಡು ಹೀಗೆ ಹೆಚ್ಚುಕಮ್ಮಿ ಇರಲಿ. ಏರುತ್ತಲೇ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟ ಎಂದು ನಾಯಿ ಕಲಿತುಬಿಡುತ್ತದೆ. 40 ನಿಮಿಷದವರೆಗೆ ದಾರಿ ಬಲು ನಿಧಾನ. ಅಲ್ಲಿಂದ ಮುಂದೆ 5, ಆಮೇಲೆ 15 ನಿಮಿಷ ಸೇರಿಸುತ್ತ ಹೋಗಬಹುದು. ಒಂದೂವರೆ ಗಂಟೆ ತಡೆದ ನಾಯಿಗಳು ಬಹುತೇಕ ಅರ್ಧ ದಿನವನ್ನೂ ತಡೆಯುತ್ತವೆ.

ಹೆಚ್ಚಿನವರು ಸೋಲುವುದು ಒಂದೇ ಕಡೆ: ಬೆಳಗ್ಗೆ ಪಾಠ, ಆಮೇಲೆ ಎಂಟು ತಾಸು ಒಂಟಿ. ‘ಅತ್ತು ಅತ್ತು ಸುಮ್ಮನಾಗುತ್ತೆ ಬಿಡಿ’ ಅನ್ನುವವರ ಮಾತು ಕೇಳಬೇಡಿ. ಪ್ರತಿ ಗಾಬರಿಯೂ ಹಳೆಯ ಭಯವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತರಬೇತಿ ಮುಗಿಯುವವರೆಗೆ ಅಜ್ಜಿಯೋ ಪಕ್ಕದ ಮನೆಯವರೋ ಜೊತೆಗಿರಲಿ. ಕಿಟಕಿ ಸರಳಿಗೆ ಚೈನು ಹಾಕಿ ಕಟ್ಟುವುದು, ಪಂಜರಕ್ಕೆ ತಳ್ಳುವುದು ಬೇಡ. ಬಿಡಿಸಿಕೊಳ್ಳುವ ಹೋರಾಟದಲ್ಲಿ ಹಲ್ಲು, ಉಗುರು ಮುರಿಯುತ್ತವೆ. ಟೊಳ್ಳು ರಬ್ಬರ್ ಆಟಿಕೆಗೆ ರಾಗಿ ಮುದ್ದೆ, ಮೊಸರು ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಸೌಮ್ಯ ಗಾಬರಿಯ ನಾಯಿ ಅದರಲ್ಲಿ ಮುಳುಗುತ್ತದೆ. ಮುದ್ದೆ ಜೊತೆ ಈರುಳ್ಳಿ ಹಾಕಿದ ಸಾರು ಮಾತ್ರ ಬೇಡ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.

ತೀವ್ರ ಗಾಬರಿಗೆ ಔಷಧ ಉಂಟು. ಕ್ಲೊಮಿಪ್ರಮಿನ್‌ಗೆ 1998ರಲ್ಲಿ, ಫ್ಲುಯಾಕ್ಸೆಟಿನ್‌ಗೆ 2007ರಲ್ಲಿ ಅಮೆರಿಕ ಇದೇ ತೊಂದರೆಗೆಂದು ಒಪ್ಪಿಗೆ ಕೊಟ್ಟಿತು. ಪೂರ್ತಿ ಪರಿಣಾಮಕ್ಕೆ 4ರಿಂದ 6 ವಾರ ಬೇಕು, ತರಬೇತಿಯೂ ಜೊತೆಗೇ ಸಾಗಬೇಕು. ಡೋಸು ಪಶುವೈದ್ಯರದೇ ಲೆಕ್ಕ. ಮನೆಯಲ್ಲಿರುವ ಮಾತ್ರೆ ಮುರಿದು ಹಾಕುವುದಲ್ಲ. ಅಸಿಪ್ರೊಮಜಿನ್‌ನಂಥ ಮಂಪರು ಮದ್ದೊಂದನ್ನೇ ಕೊಟ್ಟರೆ ಮೈ ಸೋಲುತ್ತದೆ, ಭಯ ಒಳಗೇ ಉಳಿಯುತ್ತದೆ.

ಮತ್ತೆ ಪಾವ್ಲೋವ್. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರವಾಹ ಬಂದು ಅವನ ಪ್ರಯೋಗಾಲಯದ ಪಂಜರಗಳಿಗೂ ನೀರು ನುಗ್ಗಿತು. ಸಿಬ್ಬಂದಿ ನಾಯಿಗಳನ್ನು ಉಳಿಸಿದರು, ಆದರೆ ಕೆಲವು ನಾಯಿಗಳು ಕಲಿತ ಪಾಠವನ್ನೇ ಮರೆತಿದ್ದವು. ಅವು ಚೇತರಿಸಿಕೊಂಡ ಮೇಲೂ ಬಾಗಿಲ ಕೆಳಗಿಂದ ಒಂದಿಷ್ಟು ನೀರು ಹರಿಸಿದರೆ ಸಾಕು, ಮತ್ತೆ ಅದೇ ಪಾಡು. ದೀಪಾವಳಿಯ ಪಟಾಕಿಗೋ ಒಂಟಿಯಾಗಿದ್ದಾಗ ಬಡಿದ ಸಿಡಿಲಿಗೋ ನಿಮ್ಮ ನಾಯಿ ಹಿಂದೆ ಬಿದ್ದರೆ ತರಬೇತಿ ಕೆಟ್ಟಿತೆಂದು ಕೈ ಬಿಡಬೇಡಿ. 40 ನಿಮಿಷಕ್ಕೆ ಬಂದಿದ್ದದ್ದನ್ನು ಮತ್ತೆ 5 ನಿಮಿಷಕ್ಕೆ ಇಳಿಸಿ, ಅಲ್ಲಿಂದ ಏರಿಸಿ. ಎರಡನೆಯ ಸಲ ಸಾಮಾನ್ಯವಾಗಿ ಬೇಗ ಏರುತ್ತದೆ.