045 ಚೀಲ ಬರೆದರೆ 37 ಆಗುವುದೇಕೆ?

ಪ್ರಶ್ನೆ: ಗಂಗಾವತಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಚೀಲಗಳನ್ನು ಕೂಡಿಸಲು ನೀವು ಬರೆದುಕೊಟ್ಟ ‘ಕೂಡು’ ಕಮಾಂಡ್ ಬಳಸುತ್ತಿದ್ದೇನೆ. 045 ಎಂದು ಕೊಟ್ಟರೆ 37 ಎನ್ನುತ್ತದೆ, 068 ಕೊಟ್ಟರೆ 6 ಎನ್ನುತ್ತದೆ. ಇದಕ್ಕೆ ಕೂಡಿಸಲೂ ಬರುವುದಿಲ್ಲವೇ?

ಉತ್ತರ: ಕೂಡಿಸಲು ಬರುತ್ತದೆ, ಓದಲು ಬರುತ್ತಿರಲಿಲ್ಲ. ತಪ್ಪು ನನ್ನದೇ.

ನಿಮ್ಮ ವಹಿಯಲ್ಲಿ 45ನ್ನು 045 ಎಂದು ಬರೆಯುವುದು ಸಾಲು ನೆಟ್ಟಗಿರಲಿ, ಮುಂದೆ ಯಾರೂ ಇನ್ನೊಂದು ಅಂಕಿ ತುರುಕದಿರಲಿ ಎಂದು. ಆದರೆ ನಾನು ‘ಕೂಡು’ ಬರೆದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲಿಗೆ ಸೊನ್ನೆ ಬಂದರೆ ಅದು ಎಂಟರ ಎಣಿಕೆ. ಅಲ್ಲಿ 045 ಎಂದರೆ ನಾಲ್ಕು ಎಂಟುಗಳು ಮತ್ತು ಐದು, ಅಂದರೆ 37. ಹಳೆಯ ಕಂಪ್ಯೂಟರುಗಳು 12, 18, 36 ಬಿಟ್‌ಗಳ (0 ಅಥವಾ 1 ಎಂಬ ಅಂಕಿಗಳ) ಲೆಕ್ಕದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಮೂರು ಮೂರು ಬಿಟ್ ಸೇರಿಸಿ ಓದಲು ಎಂಟರ ಎಣಿಕೆಯೇ ಸಲೀಸಾಗಿತ್ತು. ಆ ಯಂತ್ರಗಳು ಹೋದವು, ಸೊನ್ನೆಯ ಪದ್ಧತಿ ಉಳಿಯಿತು.

ಎಂಟರ ಎಣಿಕೆಯಲ್ಲಿ 8 ಮತ್ತು 9 ಎಂಬ ಅಂಕಿಗಳೇ ಇಲ್ಲ. ಆದ್ದರಿಂದ 068ನ್ನು ಓದುವಾಗ ನನ್ನ ಪ್ರೋಗ್ರಾಂ 06ರವರೆಗೆ ಬಂದು, 8 ಕಂಡೊಡನೆ ನಿಂತು, ಸಿಕ್ಕಷ್ಟನ್ನೇ ಹಿಡಿದುಕೊಂಡು ಮುಂದೆ ಹೋಯಿತು. ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಪ್ರೋಗ್ರಾಂಗೆ ಇದೇ 068ನ್ನು ಕೂಡಿಸಲು ಕೊಟ್ಟು ನೋಡಿ, ಕಡೇಪಕ್ಷ ತಕರಾರು ತೆಗೆಯುತ್ತದೆ. ನನ್ನದು ತುಟಿ ಬಿಚ್ಚಲಿಲ್ಲ. 37ಕ್ಕಿಂತ ನನಗೆ ನಾಚಿಕೆಯಾದದ್ದು ಈ 6ನ್ನು ನೋಡಿ. ಅಲ್ಪವಿರಾಮದ್ದೂ ಇದೇ ಕಥೆ: 1,25,000 ರೂಪಾಯಿ ಕೊಟ್ಟಿದ್ದರೆ ಮೊದಲ ಅಲ್ಪವಿರಾಮಕ್ಕೇ ನಿಂತು ಒಂದು ರೂಪಾಯಿ ಎನ್ನುತ್ತಿತ್ತು.

ದುರಸ್ತಿ ಎರಡು ಸಾಲಿನದು. ಅಕ್ಷರಗಳನ್ನು ಸಂಖ್ಯೆಯಾಗಿಸುವ ‘ಸ್ಟ್ರ್‌ಟೋಲ್’ ಎಂಬ ಫಂಕ್ಷನ್‌ಗೆ ಬೇಸ್ ಎಷ್ಟು, ಅಂದರೆ ಎಷ್ಟರ ಎಣಿಕೆ, ಎಂದು ಹೇಳಬೇಕು. ನಾನು 0 ಕೊಟ್ಟಿದ್ದೆ. ‘ನೋಡಿ ನೀನೇ ತೀರ್ಮಾನಿಸು’ ಎಂದು ಅದರರ್ಥ. ಈಗ 10 ಎಂದಿದ್ದೇನೆ. ಎರಡನೆಯದು, ಓದು ಎಲ್ಲಿ ನಿಂತಿತು ಎಂಬುದನ್ನೂ ಆ ಫಂಕ್ಷನ್ ತಿಳಿಸುತ್ತದೆ. ಕೊನೆಯ ಅಕ್ಷರ ಮುಟ್ಟದೆ ನಿಂತಿದ್ದರೆ ಇನ್ನು ಮುಂದೆ ಕೂಡಿಸುವುದಿಲ್ಲ, ಯಾವ ಸಾಲು ಎಂದು ತೋರಿಸಿ ನಿಲ್ಲುತ್ತದೆ. ಅಲ್ಪವಿರಾಮವನ್ನು ನಮ್ಮ ಲಕ್ಷ, ಸಾವಿರದ ಜಾಗದಲ್ಲಿದ್ದರೆ ಮಾತ್ರ ಒಪ್ಪುತ್ತದೆ. 1,25,00 ಎಂದು ಕೊಟ್ಟರೆ ಅದು ಹನ್ನೆರಡೂವರೆ ಸಾವಿರವೋ, ಸೊನ್ನೆ ಬಿಟ್ಟುಹೋದ ಲಕ್ಷವೋ ಎಂದು ಊಹಿಸುವ ಉಸಾಬರಿ ಪ್ರೋಗ್ರಾಂಗೆ ಬೇಡ.

ಕನ್ನಡ ಅಂಕಿಗಳನ್ನೂ ಸೇರಿಸಿದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗೆ 3302ರಿಂದ 3311ರ ತನಕ ಸಾಲಾಗಿವೆ, 3302 ಕಳೆದರೆ ಬೆಲೆ ಸಿಕ್ಕಿತು. ತೊಡಕು ಬೇರೆಡೆ ಇದೆ: ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿದ ‘೧ಂ’ ಪರದೆಯ ಮೇಲೆ ಹತ್ತರಂತೆಯೇ ಕಾಣುತ್ತದೆ. ಅದನ್ನೂ ತಿರಸ್ಕರಿಸಿ, ‘ಇದು ಸೊನ್ನೆಯಲ್ಲ, ಅನುಸ್ವಾರ’ ಎಂದು ಹೇಳುವಂತೆ ಮಾಡಿದ್ದೇನೆ.

ಇನ್ನು ಬಳಕೆಯ ಕೈಪಿಡಿ. ‘ಸಂಖ್ಯೆಗಳನ್ನು ಕೂಡಿಸುತ್ತದೆ’ ಎಂದಷ್ಟೇ ಬರೆದು, ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದೆ: 005 ಮತ್ತು 002, ಮೊತ್ತ 7. ಸೊನ್ನೆ ಹಾಕಿದರೂ ನಡೆಯುತ್ತದೆ ಎಂದು ನೀವು ನಂಬಿದ್ದು ಅದನ್ನು ನೋಡಿಯೇ ಇರಬೇಕು. ಏಳರವರೆಗಿನ ಅಂಕಿಗಳು ಎರಡೂ ಎಣಿಕೆಯಲ್ಲಿ ಒಂದೇ ಆದ್ದರಿಂದ ದೋಷ ಆ ಉದಾಹರಣೆಯ ಹಿಂದೆಯೇ ಅಡಗಿ ಕೂತಿತ್ತು. ಈಗ ಅಲ್ಲಿ 045 ಮತ್ತು 068 ಇವೆ, ಮೊತ್ತ 113. ಏನನ್ನು ಓದುವುದಿಲ್ಲ ಎಂಬುದನ್ನೂ ಬರೆದಿದ್ದೇನೆ. ಕೈಪಿಡಿಯ ಪ್ರತಿ ಉದಾಹರಣೆಯನ್ನೂ ಪ್ರೋಗ್ರಾಂಗೆ ಕೊಟ್ಟು ತಾಳೆ ನೋಡಿದ ಮೇಲೆಯೇ ಹೊಸ ಆವೃತ್ತಿ ಹೊರಡುತ್ತದೆ.

ಹಳೆಯ ಲೆಕ್ಕವನ್ನು ಪೂರ್ತಿ ತಿರುವಿ ಹಾಕಬೇಕಿಲ್ಲ. ನೂರು ದಾಟಿದ ಲಾರಿ ಲೋಡುಗಳಿಗೆ ಮುಂದೆ ಸೊನ್ನೆ ಇರುವುದಿಲ್ಲ, ಅವು ಸರಿ. 007ರವರೆಗಿನವೂ ಸರಿ. 008ರಿಂದ 099ರವರೆಗಿನ ಚೀಟಿಗಳನ್ನು, ಅಂದರೆ ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ ಬಂದವುಗಳನ್ನು, ಮತ್ತೆ ಕೂಡಿಸಿ. 045 ಎಂದಿದ್ದ ಒಂದೇ ಚೀಟಿಯಲ್ಲಿ ಎಂಟು ಚೀಲ ಹೋಗಿದೆ. ಚೀಲಕ್ಕೆ 75 ಕೆ.ಜಿ. ಹಿಡಿದರೂ ಅದು ಆರು ಕ್ವಿಂಟಲ್. ಯಾರಿಗಾದರೂ ಆಗಲೇ ಪಾವತಿಯಾಗಿದ್ದರೆ ಮೊದಲು ಅವರ ಚೀಟಿ ತೆಗೆಯಿರಿ.