ಹಾವಸೆ ಕೆರೆದರೆ ನೆಲ ಕುಸಿಯುತ್ತದೆ

ಎರಡು ವರ್ಷವಾದರೂ ಸತತವಾಗಿ ಸೊನ್ನೆ ಡಿಗ್ರಿಗಿಂತ ಮೇಲೇರದ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತೇವೆ. ಅದರ ಮೇಲಿನ ಪದರವೊಂದು ಮಾತ್ರ ಪ್ರತಿ ಬೇಸಿಗೆ ಕರಗಿ, ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ. ಎಷ್ಟು ಆಳ ಕರಗಿದೆ ಎಂದು ತಿಳಿಯಲು ಬೇಸಿಗೆ ಮುಗಿಯುವ ಹೊತ್ತಿಗೆ ಉಕ್ಕಿನ ಸಲಾಕೆಯನ್ನು ನೆಲಕ್ಕೆ ಒತ್ತುತ್ತೇವೆ. ಹೆಪ್ಪುಗಟ್ಟಿದ ಮಣ್ಣು ತಗುಲಿ ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಕರಗಿದೆ ಎಂದು ಲೆಕ್ಕ. (ಕಲ್ಲು ತಗುಲಿದರೆ ಕೈಗೆ ಬೇರೆಯದೇ ಅನುಭವ.) ಅದೇ ಸಲಾಕೆಯನ್ನು ನಾಲ್ಕು ಹೆಜ್ಜೆ ಆಚೆ ಊರಿದರೆ ಅಳತೆ ಬದಲಾಗಿಬಿಡುತ್ತದೆ. ಬಿಸಿಲು, ಗಾಳಿ ಎರಡೂ ಕಡೆ ಅವೇ. ಬೇರೆಯಾಗಿರುವುದು ನೆಲದ ಹೊದಿಕೆ.

ಇದನ್ನು ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಷ್ಟು ಚೆನ್ನಾಗಿ ತೋರಿಸಿಕೊಟ್ಟ ಜಾಗ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. 1946ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳು ಅಲ್ಲಿ ಮೂರು ತುಂಡು ಜಾಗ ಆರಿಸಿಕೊಂಡರು. ಒಂದರಲ್ಲಿ ಸ್ಪ್ರೂಸ್ ಕಾಡನ್ನು ಮುಟ್ಟಲಿಲ್ಲ. ಇನ್ನೊಂದರಲ್ಲಿ ಮರ ಕಡಿದು, ಹಾವಸೆ ಮತ್ತು ಬೇರುಗಳ ಹಾಸನ್ನು ಹಾಗೇ ಬಿಟ್ಟರು. ಮೂರನೆಯದರಲ್ಲಿ ಹಾಸನ್ನೂ ಕೆರೆದು ತೆಗೆದರು. 26 ವರ್ಷಗಳ ಬಳಿಕ ಕಾಡಿನಡಿಯ ಪರ್ಮಾಫ್ರಾಸ್ಟ್ ಇದ್ದಲ್ಲೇ ಇತ್ತು. ಮರ ಕಡಿದಲ್ಲಿ ಅದು 4.7 ಮೀಟರ್, ಕೆರೆದಲ್ಲಿ 6.7 ಮೀಟರ್ ಆಳಕ್ಕೆ ಇಳಿದುಹೋಗಿತ್ತು.

ಬೇಸಿಗೆಯಲ್ಲಿ ಒಣಗಿದ ಹಾವಸೆ ಒಳಗೆ ಗಾಳಿ ತುಂಬಿಕೊಂಡ ಕಂಬಳಿಯಂತೆ, ಶಾಖವನ್ನು ಕೆಳಗಿಳಿಯಗೊಡದು. ಚಳಿ ಬರುವ ಮುಂಚೆ ಅದು ನೆನೆದು, ಆಮೇಲೆ ಚಳಿಗೆ ಹೆಪ್ಪುಗಟ್ಟಿತೆಂದರೆ ಕೆಲಸ ತಿರುವುಮುರುವು: ಮಂಜುಗಡ್ಡೆ ನೀರಿಗಿಂತ ಸುಮಾರು 4 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ನೆಲದ ಬಿಸಿ ಸರಾಗವಾಗಿ ಹೊರಬೀಳುತ್ತದೆ. ಹಿಮ ಮಾತ್ರ ಹೀಗಲ್ಲ. ಚಳಿಗಾಲದ ಆರಂಭದಲ್ಲೇ ದಪ್ಪಗೆ ಬಿದ್ದರೆ ನೆಲದ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ರಸ್ತೆಯ ಏರಿಯ ಪಕ್ಕದಲ್ಲಿ ಹಿಮ ಗುಡ್ಡೆಯಾಗಿ, ಬೇಸಿಗೆಯಲ್ಲಿ ಅಲ್ಲೇ ನೀರು ನಿಂತರಂತೂ ಬುಡ ಬೇಗ ಸಡಿಲವಾಗುತ್ತದೆ.

ಮಣ್ಣಿನಲ್ಲಿ ಎಷ್ಟು ಮಂಜುಗಡ್ಡೆ ಇದೆ ಎಂಬುದೂ ಮುಖ್ಯ. ಒಂದು ಕಿಲೋ ಮಂಜುಗಡ್ಡೆ ಕರಗಲು ಹಿಡಿಯುವ ಶಾಖದಲ್ಲಿ ಒಂದು ಕಿಲೋ ನೀರನ್ನು ಸುಮಾರು 80 ಡಿಗ್ರಿ ಬಿಸಿ ಮಾಡಬಹುದು. ಆದ್ದರಿಂದ ಒಣ ಜಲ್ಲಿನೆಲ ಆಳಕ್ಕೆ ಕರಗುವ ಹೊತ್ತಿಗೆ ಮಂಜುಗಡ್ಡೆ ತುಂಬಿದ ಮಣ್ಣು ಮೇಲಷ್ಟೇ ಕರಗಿರುತ್ತದೆ. ಇಲ್ಲೇ ನಾವು ಮೋಸ ಹೋಗುವುದು. ಅಂಥ ಮಣ್ಣು ಕರಗಿದಾಗ ನೀರು ಹರಿದುಹೋಗಿ ನೆಲವೇ ಕುಸಿಯುತ್ತದೆ. ಸಲಾಕೆ ಅಳೆಯುವುದು ಕುಸಿದ ನೆಲದಿಂದ ಕೆಳಕ್ಕೆ. ಹೋದ ವರ್ಷ 50 ಸೆಂಟಿಮೀಟರ್, ಈ ವರ್ಷವೂ 50. ಏನೂ ಆಗಿಲ್ಲವೆಂದು ಬರೆದುಕೊಳ್ಳುವ ಮುಂಚೆ, ನೆಲದ ಮಟ್ಟ ಹೋದ ವರ್ಷ ಇದ್ದಲ್ಲೇ ಇದೆಯೇ ಎಂದು ಅಳೆದು ನೋಡಬೇಕು.