ಫೇರ್‌ವೇ ಮ್ಯಾಟ್: ಚೆಂಡಿಗೊಂದು ಚಾಪೆ

ಜನವರಿ ತಿಂಗಳಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಹೋದರೆ ಅಲ್ಲಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಒಂದು ತಮಾಷೆಯ ನೋಟ ಸಿಗುತ್ತದೆ. ಆಟಗಾರ ಚೆಂಡಿನ ಹತ್ತಿರ ಬಂದು ಅದನ್ನು ಕೈಯಿಂದ ಎತ್ತುತ್ತಾನೆ. ಜೊತೆಗೆ ತಂದ ಪ್ಲಾಸ್ಟಿಕ್ ಹುಲ್ಲಿನ ಪುಟ್ಟ ತುಂಡನ್ನು ಅದೇ ಜಾಗದಲ್ಲಿ ಹಾಸುತ್ತಾನೆ. ಚೆಂಡನ್ನು ಅದರ ಮೇಲೆ ಕೂರಿಸಿ ಹೊಡೆಯುತ್ತಾನೆ. ಆಮೇಲೆ ಚಾಪೆ ಎತ್ತಿಕೊಂಡು ಹೊರಡುತ್ತಾನೆ. ಮುಂದಿನ ಹೊಡೆತಕ್ಕೂ ಇದೇ ಕತೆ. ಆ ತುಂಡಿನ ಹೆಸರೇ ಫೇರ್‌ವೇ ಮ್ಯಾಟ್.

ಮೊದಲು ಹೆಸರು ನೋಡೋಣ. ಗಾಲ್ಫ್‌ನಲ್ಲಿ ಮೊದಲ ಹೊಡೆತದ ಜಾಗ ಟೀ. ಗುಳಿ ಇರುವ ನುಣುಪಾದ ಜಾಗ ಗ್ರೀನ್. ಇವೆರಡರ ನಡುವೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ದಾರಿಯೇ ಫೇರ್‌ವೇ. ಇದು ಹಡಗಿನವರ ಮಾತು. ಬಂಡೆ, ಮರಳುದಿಬ್ಬ ಏನೂ ಅಡ್ಡ ಬರದೆ ಹಡಗು ಸಾಗುವ ನೀರಿನ ದಾರಿಗೆ ಅವರು ಫೇರ್‌ವೇ ಅನ್ನುತ್ತಿದ್ದರು. ಅಂದರೆ ಇಲ್ಲಿನ ‘ಫೇರ್’ ನ್ಯಾಯದ ಫೇರ್ ಅಲ್ಲ, ತೆರವಾದ ದಾರಿ ಅಷ್ಟೇ. ಇನ್ನೊಂದು ವಿಷಯ. ಗಾಲ್ಫ್ ನಿಯಮಗಳಲ್ಲಿ ಫೇರ್‌ವೇಗೆ ಬೇರೆಯಾದ ವ್ಯಾಖ್ಯೆಯೇ ಇಲ್ಲ. ಅದು, ಪಕ್ಕದ ಉದ್ದ ಹುಲ್ಲಿನ ರಫ್, ಎಲ್ಲ ಸೇರಿ ‘ಸಾಮಾನ್ಯ ಪ್ರದೇಶ’. ಚಾಪೆ ಮಾತ್ರ ಫೇರ್‌ವೇಗಷ್ಟೇ. ಈ ತಾರತಮ್ಯವೇ ಮುಂದೆ ಜಗಳಕ್ಕೆ ಕಾರಣ.

ಚಾಪೆ ಯಾಕೆ ಬೇಕು? ಕಬ್ಬಿಣದ ತಲೆಯ ಕ್ಲಬ್‌ನಿಂದ (ಚೆಂಡು ಹೊಡೆಯುವ ಕೋಲು) ಸರಿಯಾಗಿ ಹೊಡೆದರೆ ಚೆಂಡಿನ ಜೊತೆ ಹುಲ್ಲಿನ ಒಂದು ಹೆಂಟೆಯೂ ಕಿತ್ತು ಬರುತ್ತದೆ. ಇದಕ್ಕೆ ಡಿವಟ್ ಅನ್ನುತ್ತಾರೆ. ಇದು ತಪ್ಪಲ್ಲ, ಒಳ್ಳೆಯ ಹೊಡೆತದ ಗುರುತು. ಬೇಸಿಗೆಯಲ್ಲಿ ಆ ಗಾಯ ಬೇಗ ಮಾಯುತ್ತದೆ. ನಮ್ಮ ಕಡೆಯಂತೂ ಕೇಳುವುದೇ ಬೇಡ. ಇಲ್ಲಿನ ಕೋರ್ಸ್‌ಗಳಲ್ಲಿ ಹೆಚ್ಚಾಗಿ ಇರುವುದು ಬರ್ಮುಡಾ ಹುಲ್ಲು. ಗಣಪತಿಗೆ ಏರಿಸುವ ಗರಿಕೆ ಇದೇ ಜಾತಿಯದು. ಗರಿಕೆ ಕಿತ್ತು ಸುಸ್ತಾದ ರೈತರನ್ನು ಕೇಳಿ, ಅದು ಎಷ್ಟು ಬೇಗ ಮತ್ತೆ ಹಬ್ಬುತ್ತದೆ ಅಂತ ಹೇಳುತ್ತಾರೆ.

ಸ್ಕಾಟ್ಲೆಂಡಿನ ಕಡಲತೀರದ ಕತೆ ಬೇರೆ. ಅಲ್ಲಿನದು ಮರಳು ನೆಲ, ಮೇಲೆ ಫೆಸ್ಕ್ಯೂ, ಬೆಂಟ್ ಎಂಬ ಸಣ್ಣ ಎಳೆಯ ಹುಲ್ಲು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ. ಬಿಸಿಲೂ ಇಲ್ಲ, ಬಿಸಿಯೂ ಇಲ್ಲ, ಹುಲ್ಲು ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನವೆಂಬರ್‌ನಲ್ಲಿ ಕಿತ್ತ ಹೆಂಟೆಯ ಗುಂಡಿ ವಸಂತದ ತನಕ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ. ಚೆಂಡುಗಳೆಲ್ಲ ಉರುಳಿ ಬಂದು ಸೇರುವ ತಗ್ಗುಗಳಿರುತ್ತವಲ್ಲ, ಅಲ್ಲಿ ದಿನಾ ಹತ್ತಾರು ಜನ ಅಗೆದರೆ ಏನು ಉಳಿದೀತು? ಅದಕ್ಕೇ ಓಲ್ಡ್ ಕೋರ್ಸ್‌ನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಚಾಪೆಯ ಪದ್ಧತಿ. ಆ ನೆಲವನ್ನು ಅವರು ನೋಡಿಕೊಳ್ಳುವ ರೀತಿಯೇ ಹಾಗೆ. ದೊಡ್ಡ ಟೂರ್ನಿ ಇಲ್ಲದಿದ್ದರೆ ಭಾನುವಾರ ಅಲ್ಲಿ ಆಟವೇ ಇಲ್ಲ. ಊರಿನವರು ನಾಯಿ ಹಿಡಿದುಕೊಂಡು ವಾಕಿಂಗ್ ಬರುತ್ತಾರೆ. 2022ರಲ್ಲಿ 150ನೇ ಓಪನ್ ಚಾಂಪಿಯನ್‌ಶಿಪ್ ನಡೆದದ್ದೂ ಇದೇ ನೆಲದ ಮೇಲೆ.

ಬ್ರಿಟನ್, ಐರ್ಲೆಂಡಿನ ಇನ್ನೂ ಹಲವು ಗಾಲ್ಫ್ ಕ್ಲಬ್‌ಗಳಲ್ಲಿ ಈ ಪದ್ಧತಿ ಇದೆ. ಚಾಪೆಯನ್ನು ಸ್ಥಳೀಯ ನಿಯಮವಾಗಿ ತರುವುದು ಕ್ಲಬ್‌ನ ಸಮಿತಿ. ಚೆಂಡು ಬಂಕರ್ ಎಂಬ ಮರಳುಗುಂಡಿಯಲ್ಲಿ ಬಿದ್ದರೆ ಚಾಪೆ ಇಲ್ಲ. ಗ್ರೀನ್ ಮೇಲೆ ಬೇಕಾಗೇ ಇಲ್ಲ. ಗ್ರೀನ್ ಹೊರಗಿನಿಂದ ಪಟ್ಟರ್‌ನಲ್ಲಿ (ಚೆಂಡನ್ನು ಮೆಲ್ಲಗೆ ತಳ್ಳುವ ಕ್ಲಬ್) ಉರುಳಿಸುವುದಾದರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ, ಪಟ್ಟರ್ ನೆಲ ಅಗೆಯುವುದಿಲ್ಲವಲ್ಲ. ಟೀ ಮೇಲೆ ಹಾಸಿರುವ ದೊಡ್ಡ ಚಾಪೆಯನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಇದ್ದಲ್ಲೇ ಇರುತ್ತದೆ, ಇದು ಹೆಗಲೇರಿ ಬರುತ್ತದೆ.

ಸರಿ, ಇದು ನ್ಯಾಯವೇ?

ಗಾಲ್ಫ್‌ನ ಮೂಲ ಮಾತು ಒಂದೇ: ಚೆಂಡು ಎಲ್ಲಿ ಹೇಗೆ ಬಿದ್ದಿದೆಯೋ ಅಲ್ಲಿಂದ ಹಾಗೇ ಹೊಡಿ. ಗುಂಡಿಯಲ್ಲಿ ಬಿದ್ದರೆ ನಿನ್ನ ಹಣೆಬರಹ. ಚಾಪೆ ಆ ಹಣೆಬರಹವನ್ನೇ ಅಳಿಸುತ್ತದೆ. ಕೆಸರು, ಬೋಳು ನೆಲ, ಬೇರೆಯವರು ಕಿತ್ತ ಗುಂಡಿ, ಯಾವುದರ ಕಾಟವೂ ಇಲ್ಲ. ಚೆಂಡು ಸಿಂಹಾಸನದ ಮೇಲೆ ಕೂತಂತೆ ಕೂತಿರುತ್ತದೆ. ಅದೂ ಸಾಲದು ಅಂತ, ಚೆಂಡಿಗಿಂತ ಸ್ವಲ್ಪ ಹಿಂದೆ ಕ್ಲಬ್ ತಾಗಿಸುವ ಅಭ್ಯಾಸ ಇದ್ದವರಿಗೆ ಇದು ವರದಾನ. ಒದ್ದೆ ನೆಲದಲ್ಲಾದರೆ ಕ್ಲಬ್ ಹೂತುಹೋಗಿ ಚೆಂಡು ನಾಲ್ಕು ಮಾರು ದೂರ ಬಿದ್ದು ಮಾನ ಹೋಗುತ್ತದೆ. ಚಾಪೆ ಮೇಲಾದರೆ ಕ್ಲಬ್ ಜಾರಿಕೊಂಡು ಹೋಗಿ ಹೇಗೋ ಚೆಂಡಿಗೆ ತಾಗಿಬಿಡುತ್ತದೆ. (ಚಾಪೆಗಿಂತಲೂ ಹಿಂದೆ ತಾಗಿದರೆ ಚಾಪೆಯೂ ಹಾರುತ್ತದೆ. ಆಗ ಮಾನ ಎರಡು ಪಟ್ಟು ಹೋಗುತ್ತದೆ.)

ಪಳಗಿದವರಿಗೆ ಇದೇ ಕಿರಿಕಿರಿ. ಗಟ್ಟಿ ನೆಲಕ್ಕೆ ಅಂಟಿ ಕೂತ ಚೆಂಡನ್ನು ಚಕ್ಕನೆ ಎತ್ತುವ ಕಲೆಗೆ ಅವರು ವರ್ಷಗಟ್ಟಲೆ ಬೆವರು ಸುರಿಸಿರುತ್ತಾರೆ. ಚಾಪೆ ಮೇಲೆ ಆ ಕಲೆಗೆ ಕೆಲಸ ಕಡಿಮೆ. ಇನ್ನು ಮೊದಲು ಹೇಳಿದ ರಫ್ ತಾರತಮ್ಯ. ನೇರ ಹೊಡೆದು ಫೇರ್‌ವೇಯಲ್ಲಿ ಬಿದ್ದವನಿಗೆ ಚಾಪೆ, ಎರಡಡಿ ಆಚೆ ರಫ್‌ಗೆ ಹೋದವನಿಗೆ ಕೆಸರು. ನೇರ ಹೊಡೆದದ್ದಕ್ಕೆ ಬಹುಮಾನ ಅಂದುಕೊಂಡರೆ ಇದು ಸರಿಯೇ. ಚಾಪೆಯ ದಪ್ಪ ಒಂದೊಂದು ಥರ ಇದ್ದರೆ ಮಾತ್ರ ನನ್ನ ತಕರಾರಿದೆ. ಸ್ಪರ್ಧೆ ಅಂದಮೇಲೆ ಎಲ್ಲರಿಗೂ ಒಂದೇ ಅಳತೆಯದು ಕೊಡಬೇಕು.

ಹಾಗಂತ ಚಾಪೆ ಮೋಸವೇ? ಕ್ರಿಕೆಟ್ ನೆನಪಿಸಿಕೊಳ್ಳಿ. ನಮ್ಮ ಲೀಗ್ ಪಂದ್ಯಗಳಲ್ಲಿ ಮ್ಯಾಟಿಂಗ್ ವಿಕೆಟ್ ಮೇಲೆ ಆಡಿ ಬೆಳೆದವರು ಎಷ್ಟು ಜನ! ಟೆಸ್ಟ್ ಪಂದ್ಯಗಳೂ ಮ್ಯಾಟ್ ಮೇಲೆ ನಡೆದಿವೆ. 1956ರಲ್ಲಿ ಕರಾಚಿಯ ಮ್ಯಾಟಿಂಗ್ ಮೇಲೆ ಪಾಕಿಸ್ತಾನದ ಫಜಲ್ ಮಹಮೂದ್ ಆಸ್ಟ್ರೇಲಿಯಾದ 13 ವಿಕೆಟ್ ಕಿತ್ತರು. ಅದನ್ನು ಯಾರೂ ಮೋಸ ಅನ್ನಲಿಲ್ಲ. ಎರಡೂ ತಂಡಕ್ಕೂ ಅದೇ ಮ್ಯಾಟ್. ಆದರೆ ಮ್ಯಾಟ್ ಮೇಲಿನ ಆಟ ಬೇರೆ, ಹುಲ್ಲಿನ ಪಿಚ್ ಮೇಲಿನ ಆಟ ಬೇರೆ ಅಂತ ಎಲ್ಲರಿಗೂ ಗೊತ್ತಿತ್ತು. ಗಾಲ್ಫ್ ಚಾಪೆಯೂ ಹಾಗೇ. ಆ ದಿನ ಆಡುವವರ ನಡುವೆ ಅನ್ಯಾಯ ಇಲ್ಲ. ತಕರಾರು ಏಳುವುದು ಜನವರಿಯ ಸ್ಕೋರನ್ನು ಜುಲೈ ಸ್ಕೋರಿನ ಪಕ್ಕ ಇಟ್ಟಾಗ. ಆಟಗಾರರ ಮಟ್ಟ ಅಳೆಯುವ ಹ್ಯಾಂಡಿಕ್ಯಾಪ್ ಹುಟ್ಟುವುದು ಸ್ಕೋರಿನಿಂದ. ಚಾಪೆಯ ಸ್ಕೋರನ್ನೂ ಕಣ್ಣುಮುಚ್ಚಿ ಸೇರಿಸಿದರೆ ಆ ಅಂಕಿ ಯಾವ ಆಟದ್ದು ಅಂತ ಹೇಳುವುದು ಕಷ್ಟ.

ನನಗೆ ಚಾಪೆಗಿಂತ ಅನುಮಾನ ಜಾಸ್ತಿ ಬರುವುದು ಇನ್ನೊಂದು ಪದ್ಧತಿಯ ಮೇಲೆ. ಅದರ ಹೆಸರು ‘ಪ್ರಿಫರ್ಡ್ ಲೈಸ್’, ಆಡುಮಾತಿನಲ್ಲಿ ವಿಂಟರ್ ರೂಲ್ಸ್. ಅಲ್ಲಿ ಚೆಂಡು ಎತ್ತಿ, ಒರೆಸಿ, ಸಮಿತಿ ಹೇಳಿದ ಅಳತೆಯೊಳಗೆ ಬೇಕಾದ ಜಾಗದಲ್ಲಿ ಇಡಬಹುದು, ಗುಳಿಗೆ ಹತ್ತಿರ ಆಗಬಾರದು ಅಷ್ಟೇ. ಅಳತೆ ಆರು ಇಂಚು ಇರಬಹುದು, ಒಂದು ಕ್ಲಬ್‌ನ ಉದ್ದವೂ ಇರಬಹುದು. ಅಂದರೆ ಸೊಂಪಾದ ಹುಲ್ಲು ಹುಡುಕಿ ಅಲ್ಲೇ ಕೂರಿಸು, ಅಲ್ಲೇ ಅಗೆ. ಆಟಗಾರನಿಗೆ ಲಾಭ, ನೆಲಕ್ಕೆ ಗಾಯ. ಚಾಪೆಯಲ್ಲಿ ಆಟಗಾರನಿಗೆ ಸ್ವಲ್ಪ ಲಾಭ ಇದೆ ನಿಜ, ನೆಲಕ್ಕೆ ಮಾತ್ರ ಪೂರ್ತಿ ರಜೆ.

ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಆದರೆ ಹುಲ್ಲು ಮುದುಡಿ ಮಲಗುವಂಥ ಚಳಿ ಇಲ್ಲಿಲ್ಲ. ನಮಗೆ ಪ್ಲಾಸ್ಟಿಕ್ ಹುಲ್ಲು ಗೊತ್ತಿರುವುದು ಡ್ರೈವಿಂಗ್ ರೇಂಜ್ ಎಂಬ ಅಭ್ಯಾಸದ ಜಾಗದಲ್ಲಿ. ಬಕೆಟ್ ತುಂಬ ಚೆಂಡು ಇಟ್ಟುಕೊಂಡು ಅದರ ಮೇಲೇ ಹೊಡೆದು ಕಲಿತವರಿಗೆ ನಿಜವಾದ ಹುಲ್ಲಿಗೆ ಇಳಿದ ದಿನ ಕ್ಲಬ್ ಮಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಗಾಬರಿಯಾಗುತ್ತದೆ. ಅಂಥವರು ಜನವರಿಯಲ್ಲಿ ಸೇಂಟ್ ಆಂಡ್ರೂಸ್‌ಗೆ ಹೋದರೆ ಬೆಚ್ಚಗಿನ ಬಟ್ಟೆ ಜಾಸ್ತಿ ಇಟ್ಟುಕೊಂಡರೆ ಸಾಕು. ಚಾಪೆ ಹೇಗೂ ಪರಿಚಯದ್ದೇ, ಅಲ್ವಾ?